ಬಸ್ಸು ಹತ್ತದವಳ ನೆಗಡಿ

ಮೊನ್ನೆಯಿಂದ ನಮ್ಮ ಮನೆಯೆಲ್ಲ ನೀಲಗಿರಿ ಎಣ್ಣೆಯ ವಾಸನೆ. ಮೊಮ್ಮಗ ಶಾಲೆಯಿಂದ ಒಂದು ಸೀನು ಹೊತ್ತುಕೊಂಡು ಬಂದ, ಅವರಪ್ಪ ಅದರಲ್ಲಿ ಪಾಲು ತೆಗೆದುಕೊಂಡ, ಸೊಸೆ ಕರವಸ್ತ್ರಕ್ಕೆ ನೀಲಗಿರಿ ಎಣ್ಣೆ ಸುರಿದು ಇಬ್ಬರ ಮೂಗಿಗೂ ಹಿಡಿದಳು. ನನ್ನ ಮಗ ಸುಮ್ಮನೆ ಮಲಗಬಾರದೇ? ಫೋನು ತೆಗೆದು ಕಾಯಿಲೆಯ ಲಕ್ಷಣಗಳನ್ನು ಗಟ್ಟಿಯಾಗಿ ಓದಲು ಶುರುಮಾಡಿದ. ಗಂಟಲು ಕೆರೆಯಬಹುದು, ಕೆರೆಯದೆಯೂ ಇರಬಹುದು. ಜ್ವರ ಬರಬಹುದು, ಬರದೆಯೂ ಇರಬಹುದು. ಮೂಗು ಸೋರಬಹುದು, ಇಲ್ಲವೇ ಕಟ್ಟಬಹುದು. "ಇದೇನೋ ಇದು, ಮಳೆ ಬಂದರೂ ಬರಬಹುದು ಅನ್ನೋ ರೇಡಿಯೋ ವಾರ್ತೆ ಇದ್ದಂಗೈತಲ್ಲ" ಅಂದೆ. ಅವನಿಗೆ ನಗು ಬರಲಿಲ್ಲ. ನೆಗಡಿ ಬಂದ ಗಂಡಸು ನಕ್ಕಿದ್ದನ್ನು ನಾನಂತೂ ನೋಡಿಲ್ಲ. ನೀವು ನೋಡಿದ್ದರೆ ಹೇಳಿ, ಆ ಪುಣ್ಯಾತ್ಮನಿಗೆ ಒಂದು ನಮಸ್ಕಾರ ಹಾಕಿ ಬರುತ್ತೇನೆ.

ಬುಗುಡಿಯಂಥ ಒಡವೆಯಿಲ್ಲ, ನೆಗಡಿಯಂಥ ರೋಗವಿಲ್ಲ ಅಂತ ನಮ್ಮಲ್ಲಿ ಒಂದು ಗಾದೆ ಇದೆಯಲ್ಲ. ಬುಗುಡಿ ಈಗ ಯಾರ ಕಿವಿಯಲ್ಲೂ ಕಾಣೆ. ನೆಗಡಿ ಮಾತ್ರ ತನ್ನ ಮರ್ಯಾದೆ ಉಳಿಸಿಕೊಂಡಿದೆ.

ಈ ಘಾಟು ಮೂಗಿಗೆ ಬಡಿದರೆ ಸಾಕು, ನನ್ನ ಕಣ್ಣ ಮುಂದೆ ನಿಲ್ಲುವುದು ಹೊಳಲ್ಕೆರೆಯ ನಮ್ಮ ದೊಡ್ಡಪ್ಪ. ನಾನು ಹೊರಕೆರೆದೇವಪುರದ ಹತ್ತಿರದ ಹಳ್ಳಿಯವಳು. ಎಪ್ಪತ್ತರ ದಶಕದಲ್ಲಿ ಹೈಸ್ಕೂಲು ಓದಲು ನನ್ನನ್ನು ದೊಡ್ಡಪ್ಪನ ಮನೆಯಲ್ಲಿ ಬಿಟ್ಟಿದ್ದರು. ಮನೆಯಲ್ಲಿ ಇದ್ದದ್ದು ದೊಡ್ಡಪ್ಪ, ದೊಡ್ಡವ್ವ ಮತ್ತು ನಾನು. ಅವರ ಮಗ ಬಸಣ್ಣ ದುರ್ಗದಲ್ಲಿ ಕಾಲೇಜು ಓದುತ್ತಿದ್ದ. ಓದುತ್ತಿದ್ದ ಅಂತ ನಾವು ಹೇಳುತ್ತಿದ್ದೆವು, ಅಷ್ಟೆ. ವಾರಕ್ಕೊಮ್ಮೆ ಕೊಳೆ ಬಟ್ಟೆಯ ಗಂಟು ಹೊತ್ತು ಬರುತ್ತಿದ್ದದ್ದನ್ನು ಮಾತ್ರ ನಾನು ಕಣ್ಣಾರೆ ಕಂಡಿದ್ದೇನೆ.

ದೊಡ್ಡಪ್ಪನದು ಕೊಬ್ಬರಿ ವ್ಯಾಪಾರ. ಇವತ್ತು ಹೊಸದುರ್ಗ, ನಾಳೆ ಹಿರಿಯೂರು, ನಾಡಿದ್ದು ದುರ್ಗ, ನಡುವೆ ಶ್ರೀರಾಂಪುರ. ಹೀಗೆ ಅವರ ಅರ್ಧ ಆಯುಷ್ಯ ಬಸ್ಸಿನಲ್ಲೇ ಕಳೆಯಿತು. ಬಸ್ಸಿನಲ್ಲಿ ಕೂತ ಮನುಷ್ಯನಿಗೆ ಏನು ಕೆಲಸ? ನಿದ್ದೆ ಮಾಡಬೇಕು, ಇಲ್ಲ ಯೋಚನೆ ಮಾಡಬೇಕು. ಅವರು ನಿದ್ದೆ ಮಾಡಿದ್ದರೆ ನಮಗೆಲ್ಲ ಒಳ್ಳೆಯದಾಗುತ್ತಿತ್ತು. ಯೋಚನೆ ಮಾಡಿದರು. ಮಾಡಿ ಮಾಡಿ ಒಂದು ನೆಗಡಿ ಶಾಸ್ತ್ರವನ್ನೇ ಕಟ್ಟಿದರು.

ಆ ಶಾಸ್ತ್ರದ ತಿರುಳು ಇಷ್ಟೇ: ನೆಗಡಿ, ಕೆಮ್ಮು, ಜ್ವರ ಎಲ್ಲ ಊರಿನಿಂದ ಬರುತ್ತವೆ, ಯಾವ ಊರಿಂದ ಬಂತು ಅನ್ನುವುದು ಲಕ್ಷಣದಲ್ಲಿ ಗೊತ್ತಾಗುತ್ತದೆ. ಒಣ ಕೆಮ್ಮು ಬಂದರೆ ಅದು ದುರ್ಗದ್ದು. "ಅಲ್ಲಿ ಬರೀ ಬಂಡೆ ನೋಡು. ಕೆಮ್ಮೂ ಹಂಗೇ, ಕಲ್ಲಿಗೆ ಕಲ್ಲು ಬಡಿದಂಗೆ." ಮೂಗು ಸುರಿದರೆ ಹಿರಿಯೂರಿನದು. "ಮಾರಿಕಣಿವೆ ಡ್ಯಾಮಿನ ನೀರು ಕುಡಿದು ಬಂದೋನಿಗೆ ಮೂಗ್ನಾಗೆ ತೂಬು ಎತ್ತಿದಂಗೆ ಆಗ್ತೈತೆ." ಮೈಕೈ ನೋವು, ತಲೆ ಸಿಡಿತ, ಚಳಿಜ್ವರ ಇವೆಲ್ಲ ಹೊಸದುರ್ಗದವು. "ಅಲ್ಲಿ ಗಾಳಿ ಐತಲ್ಲ, ಅದು ಮೈಮೇಲೆ ಬೀಸಲ್ಲ, ಮೂಳೆಯೊಳಗೇ ಬೀಸ್ತೈತೆ."

ಒಮ್ಮೆ ನನ್ನನ್ನು ಕರೆದುಕೊಂಡು ಬಸ್ಸಿನಲ್ಲಿ ಬರುತ್ತಿದ್ದರು. ಮುಂದಿನ ಸೀಟಿನ ಯಜಮಾನರೊಬ್ಬರು ಬಸ್ಸೇ ಅದುರುವಂತೆ ಸೀನಿದರು. ದೊಡ್ಡಪ್ಪ ಕಣ್ಣು ಮುಚ್ಚಿ ಆ ಸೀನನ್ನು ಪೂರ್ತಿ ಕೇಳಿದರು. ಸಂಗೀತ ಕಛೇರಿಯಲ್ಲಿ ತಿಳಿದವರು ಕೇಳುತ್ತಾರಲ್ಲ, ಹಾಗೆ. ಆಮೇಲೆ ಮುಂದಕ್ಕೆ ಬಾಗಿ, "ಹಿರಿಯೂರಿಂದ ಬಂದ್ರೇನ್ರಿ?" ಅಂದರು. ಆತ ಗಾಬರಿಯಿಂದ ತಿರುಗಿ, "ಹೌದ್ರಿ, ನಿಮಗೆಂಗೆ ಗೊತ್ತಾಯ್ತು?" ಅಂದ. ದೊಡ್ಡಪ್ಪ ನನ್ನ ಕಡೆ ನೋಡಿ ಮೀಸೆ ತಿರುವಿದರು. ಹಿರಿಯೂರಿನ ಬಸ್ಸಿನಲ್ಲಿ ಕೂತವನು ಹಿರಿಯೂರಿಂದ ಬರದೆ ಕಾಶಿಯಿಂದ ಬರುತ್ತಾನೆಯೇ ಅಂತ ಕೇಳಬೇಕು ಅನ್ನಿಸಿತು. ಆದರೆ ಅವರು ಕೊಡಿಸಿದ್ದ ಮಂಡಕ್ಕಿ ಇನ್ನೂ ಬಾಯಲ್ಲಿತ್ತು. ಅನ್ನದ ಋಣಕ್ಕಿಂತ ಮಂಡಕ್ಕಿಯ ಋಣ ದೊಡ್ಡದು.

ನೀವು ಕೇಳಬಹುದು, ಹಾಗಾದರೆ ಹೊಳಲ್ಕೆರೆಯ ನೆಗಡಿ ಹೇಗಿರುತ್ತೆ ಅಂತ. ಅಲ್ಲೇ ಇರುವುದು ಮಜಾ. ಹೊಳಲ್ಕೆರೆಯಲ್ಲಿ ನೆಗಡಿಯೇ ಇಲ್ಲ! ನಮ್ಮೂರಲ್ಲಿ ಹುಟ್ಟಿದ ನೆಗಡಿ ಅಂತ ಒಂದೂ ಇಲ್ಲ, ಎಲ್ಲ ಹೊರಗಿನಿಂದ ಬಸ್ಸು ಹತ್ತಿ ಬಂದವೇ. "ನಮ್ಮೂರ ಗಣಪ್ಪ ಬಯಲಾಗೆ ಕುಂತು ಬಿಸಿಲು ಮಳೆ ಎಲ್ಲ ತಾನೇ ತಡ್ಕಂತಾನೆ. ನಮಗೆ ಯಾಕೆ ಬರ್ತೈತೆ?" ಅನ್ನುವರು. ತಮ್ಮೂರನ್ನು ಪ್ರೀತಿಸುವವರನ್ನು ಬಹಳ ಮಂದಿಯನ್ನು ನೋಡಿದ್ದೇನೆ. ಊರಿನ ಮೂಗಿಗೂ ಹೀಗೆ ಜಾಮೀನು ನಿಂತವರನ್ನು ಇವರೊಬ್ಬರನ್ನೇ ಕಂಡದ್ದು.

ಇಷ್ಟು ಹೊತ್ತು ದೊಡ್ಡಪ್ಪನನ್ನು ಆಡಿಕೊಂಡು ನಗುತ್ತಿದ್ದೇನೆ, ಸರಿ. ಆದರೆ ಈ ಶಾಸ್ತ್ರ ನಂಬಿಕೊಂಡು ನಾವು ನಮ್ಮ ದೊಡ್ಡವ್ವನನ್ನು ಕಳೆದುಕೊಳ್ಳುವುದರಲ್ಲಿದ್ದೆವು ಅನ್ನುವುದನ್ನೂ ಹೇಳಬೇಕು. ಅದನ್ನು ಹೇಳದೆ ನಗಿಸಿ ಕಳಿಸಿದರೆ ಮೋಸವಾಗುತ್ತದೆ.

ದೊಡ್ಡವ್ವ ಅಂದರೆ ಗಂಗವ್ವ. ಕುಳ್ಳಗೆ, ಸಣ್ಣಗೆ, ಕಾಲಿಗೆ ಚಕ್ರ ಕಟ್ಟಿದವಳ ಹಾಗೆ ಮನೆಯೊಳಗೇ ಓಡಾಡುವವಳು. ಮನೆಯೊಳಗೇ ಅನ್ನುವುದನ್ನು ಗಮನಿಸಿ. ಮದುವೆಯಾಗಿ ಬಂದಮೇಲೆ ತವರಿಗೆ ಹೋಗಿಬಂದದ್ದು ಬಿಟ್ಟರೆ ಅವಳು ಬಸ್ಸು ಹತ್ತಿದವಳಲ್ಲ. ತವರಿನಲ್ಲೂ ಯಾರೂ ಉಳಿದಿರಲಿಲ್ಲವಾಗಿ ಆ ದಾರಿಯೂ ಮುಚ್ಚಿತ್ತು. ದೊಡ್ಡಪ್ಪನ ಜೊತೆ ವ್ಯಾಪಾರ ಮಾಡುವವರು ನಾಲ್ಕೂ ದಿಕ್ಕಿನಿಂದ ಬಂದು ಜಗಲಿಯ ಮೇಲೆ ಕೂರುತ್ತಿದ್ದರು. ಅವರಿಗೆಲ್ಲ ನೀರು, ಮಜ್ಜಿಗೆ, ಹೊತ್ತಾದರೆ ಮುದ್ದೆ ಸಾರು. ಅವರು ಕೆಮ್ಮಿಕೊಂಡು ಸೀನಿಕೊಂಡು ಉಂಡು ಹೋದಮೇಲೆ ಆ ತಟ್ಟೆ ಲೋಟ ಬಳಿದು ತೊಳೆಯುವವಳು ಇವಳೇ.

ದೀಪಾವಳಿ ಕಳೆದು ಚಳಿ ಬಿದ್ದಿತ್ತು. ಬಸಣ್ಣ ಎಂದಿನಂತೆ ಗಂಟು ಹೊತ್ತು ದುರ್ಗದಿಂದ ಬಂದ. ಬಂದು ಎರಡು ದಿನ ಉಂಡುಕೊಂಡಿದ್ದವನು ಒಣಗೆಮ್ಮು ಶುರುಮಾಡಿದ. ದೊಡ್ಡಪ್ಪ ಜಗಲಿಯಿಂದಲೇ, "ದುರ್ಗದ್ದು" ಅಂತ ತೀರ್ಪು ಕೊಟ್ಟರು. ಮಾರನೆಯ ದಿನ ನನ್ನ ಮೂಗಿನ ಕಟ್ಟೆ ಒಡೆಯಿತು. ಶಾಲೆಯಿಂದ ನಮ್ಮನ್ನೆಲ್ಲ ಮಾರಿಕಣಿವೆ ನೋಡಲು ಕರೆದೊಯ್ದಿದ್ದರು, ಆಗಿ ಬಹಳ ದಿನವಾಗಿರಲಿಲ್ಲ. "ನಾನು ಹೇಳ್ಲಿಲ್ವಾ! ಹಿರಿಯೂರಿದು!" ದೊಡ್ಡಪ್ಪನ ಮುಖದಲ್ಲಿ ಎಂಥ ಕಳೆ ಅಂತೀರಿ, ಮನೆಯಲ್ಲಿ ಗಂಡು ಹುಟ್ಟಿದ ಹಾಗೆ. ಆ ಕಳೆ ಸಂಜೆಯ ಹೊತ್ತಿಗೆ ಇಳಿಯಿತು. ಹೊಸದುರ್ಗಕ್ಕೆ ಹೋಗಿಬಂದಿದ್ದ ಅವರಿಗೇ ಮೈಕೈ ನೋವು ಹಿಡಿದು, "ಅಯ್ಯಪ್ಪಾ, ಸತ್ನೆಪ್ಪಾ" ಅಂತ ಎರಡು ಕಂಬಳಿ ಹೊದ್ದು ಉರುಳಿಕೊಂಡರು. ಆ ನರಳಾಟದ ನಡುವೆಯೂ ತಲೆ ಹೊರಗೆ ಹಾಕಿ, "ನೋಡ್ಕಳ್ರಿ, ಮೂರೂ ಊರು ನಮ್ಮನೇಲೇ ಅವೆ. ಒಂದೂ ಲೆಕ್ಕ ತಪ್ಪಿಲ್ಲ" ಅಂದರು. ಜ್ವರದಲ್ಲೂ ಬಡಿವಾರ ಬಿಡದ ಮನುಷ್ಯ.

ಮೂರು ಊರಿನ ನೆಗಡಿಗೆ ಒಂದೇ ಕಷಾಯ ಆಗುತ್ತದೆಯೇ? ಆಗುವುದಿಲ್ಲ. ದುರ್ಗದ ಕೆಮ್ಮಿಗೆ ಮೆಣಸು, ಕಲ್ಲುಸಕ್ಕರೆ. ಹಿರಿಯೂರಿನ ಮೂಗಿಗೆ ಓಮ, ತುಳಸಿ, ಮೇಲೆ ಅರಿಶಿನದ ಕೊಂಬು ಸುಟ್ಟು ಹೊಗೆ. ಹೊಸದುರ್ಗದ ಮೈನೋವಿಗೆ ಶುಂಠಿ, ಧನಿಯ, ಮೇಲೆ ಕೊಬ್ಬರಿ ಎಣ್ಣೆಗೆ ಕರ್ಪೂರ ಹಾಕಿ ಬೆನ್ನಿಗೆ ತಿಕ್ಕುವುದು. ಹೇಳುವವರು ದೊಡ್ಡಪ್ಪ, ಮಾಡುವವಳು ದೊಡ್ಡವ್ವ. ಒಲೆಯ ಮೇಲೆ ಮೂರು ಚೊಂಬು. ಒಬ್ಬರದು ಕೆಳಗಿಳಿದರೆ ಇನ್ನೊಬ್ಬರದು ಮೇಲೆ. "ಅವ್ವಾ, ಬಿಸಿ ಐತಾ?" "ದೊಡ್ಡವ್ವಾ, ಬಟ್ಟೆ ಕೊಡು." "ಲೇ ಇವಳೇ, ಬೆನ್ನು!"

ಅವಳಿಗೆ ಏನಾಗಿದೆ ಅಂತ ನೋಡಲು ನಮಗೆ ಪುರುಸೊತ್ತಾದರೂ ಎಲ್ಲಿತ್ತು! ಅವಳು ಕೆಮ್ಮಲಿಲ್ಲ, ಸೀನಲಿಲ್ಲ, ಮೂಗು ಒರೆಸಿಕೊಳ್ಳಲಿಲ್ಲ. ಒಲೆಗೆ ಇನ್ನಷ್ಟು ಹತ್ತಿರ ಕೂತಳು. ಚಳಿಗಾಲವಲ್ಲವೇ, ಕೂರದೆ? ಗೋಡೆ ಹಿಡಿದು ಏಳುತ್ತಿದ್ದಳು. ವಯಸ್ಸಾಯಿತಲ್ಲ, ಹಿಡಿಯದೆ? ನಮಗೆ ಬಡಿಸಿ, "ಆಮೇಲೆ ಉಣ್ತೀನಿ" ಅನ್ನುತ್ತಿದ್ದಳು. ಅದೂ ದಿನಾ ಅನ್ನುವ ಮಾತೇ. ನನ್ನನ್ನು ನನ್ನ ಅವ್ವನ ಹೆಸರಿನಿಂದ ಕೂಗಿದಳು, ಅದಕ್ಕೆ ನಾನು ನಕ್ಕೆ. ಒಂದು ದಿನ ಕಷಾಯ ಕೊಡುವಾಗ ಅವಳ ಬೆರಳು ನನ್ನ ಕೈಗೆ ತಾಗಿತು. "ದೊಡ್ಡಪ್ಪಾ, ದೊಡ್ಡವ್ವನ ಕೈ ಸುಡ್ತೈತೆ" ಅಂದೆ.

"ಒಲೆ ಮುಂದೆ ಕುಂತೋಳ ಕೈ ಸುಡದೆ ತಣ್ಣಗಿರ್ತೈತೇನೇ?" ಅಂದರು ದೊಡ್ಡಪ್ಪ. ಆಮೇಲೆ ಕಂಬಳಿಯೊಳಗಿಂದ, "ಪುಣ್ಯವಂತೆ ಅಂದ್ರೆ ಇವಳು. ಎಲ್ಲಿಗೂ ಹೋಗಲ್ಲ, ಎಂಥದೂ ಬರಲ್ಲ. ಬಸ್ಸು ಹತ್ತದೋಳಿಗೆ ಯಾವ ನೆಗಡಿ!" ಅಂದರು.

ದೊಡ್ಡವ್ವ ಸೆರಗು ಹೊದ್ದುಕೊಂಡು ಚೊಂಬು ಇಳಿಸಿದಳು.

ಮರುದಿನ ಅವಳು ಚೊಂಬು ಅದಲುಬದಲು ಮಾಡಿಬಿಟ್ಟಳು. ಬಸಣ್ಣನಿಗೆ ಹೋಗಬೇಕಾದ ಮೆಣಸಿನ ಕಷಾಯ ದೊಡ್ಡಪ್ಪನ ಹೊಟ್ಟೆಗೆ ಹೋಯಿತು. ಕುಡಿದರು, ಬೆವೆತರು, ಮೈ ಹಗುರವಾಯಿತು. ಇನ್ನೊಬ್ಬರಾದರೆ ಖುಷಿಪಡುತ್ತಿದ್ದರು. ಇವರಿಗೆ ಸಿಟ್ಟು! "ದುರ್ಗದ ಕಷಾಯಕ್ಕೆ ಹೊಸದುರ್ಗದ ನೋವು ಹೆಂಗೆ ಹೋಗ್ತೈತೆ? ಹೋಗಂಗೇ ಇಲ್ಲ. ಲೇ ಇವಳೇ, ನಿನಗೆ ಮೈಮೇಲೆ ಗ್ಯಾನ ಐತೋ ಇಲ್ವೋ? ನಂದು ನಂಗೆ ಬೇರೆ ಮಾಡು" ಅಂತ ಕೂಗಾಡಿದರು. ವಾಸಿಯಾದದ್ದಕ್ಕೆ ಹೆಂಡತಿಯನ್ನು ಬೈದ ಗಂಡ ಲೋಕದಲ್ಲಿ ಇವರೊಬ್ಬರೇ ಇರಬೇಕು. ಅವಳು ಮತ್ತೆ ಒಲೆಯ ಮೇಲೆ ಶುಂಠಿ ಕಷಾಯಕ್ಕಿಟ್ಟಳು. ನಾವು ಮೂವರೂ ನಡುಮನೆಯಲ್ಲಿ ಕಂಬಳಿ ಹೊದ್ದು, ಯಾರ ಕಾಯಿಲೆ ದೊಡ್ಡದು ಅಂತ ವಾದ ಮಾಡುತ್ತಾ ಬಿದ್ದುಕೊಂಡಿದ್ದೆವು.

ಎಷ್ಟೋ ಹೊತ್ತಿನ ಮೇಲೆ ಎದುರುಮನೆಯ ಹಾಲಮ್ಮ ಸೆರಗಿನಿಂದ ಮೂಗು ಮುಚ್ಚಿಕೊಂಡು ಒಳಗೆ ನುಗ್ಗಿದಳು. "ಏನ್ರೀ ಇದು, ಮನೆ ತುಂಬ ಹೊಗೆ! ಬೀದಿಗೆಲ್ಲ ಸುಟ್ಟ ವಾಸನೆ ಬಡೀತೈತೆ. ನಿಮಗ್ಯಾರಿಗೂ ಮೂಗಿಲ್ವಾ?"

ನಿಜವಾಗಿಯೂ ಇರಲಿಲ್ಲ. ಅಷ್ಟೊತ್ತಿಗೆ ಮೂವರಿಗೂ ಮೂಗು ಕಟ್ಟಿ ಕಲ್ಲಾಗಿತ್ತು. ಪಕ್ಕದ ಕೋಣೆಯಲ್ಲಿ ಕಷಾಯ ಇಂಗಿ, ಶುಂಠಿ ಸೀದು, ಚೊಂಬು ಕೆಂಪಗೆ ಕಾಯುತ್ತಿದ್ದರೂ ನಮಗೆ ಸುಳಿವಿಲ್ಲ. ಹೊಗೆ ಕಂಡರೂ ಅರಿಶಿನದ ಕೊಂಬಿನದು ಅಂದುಕೊಂಡಿದ್ದೆವು. ಹಾಲಮ್ಮ ಅಡುಗೆಮನೆಗೆ ಹೋದಳು. ಆಮೇಲೆ, "ಅಯ್ಯೋ ಶಿವನೇ, ಬರ್ರಿ ಬೇಗ!" ಅಂತ ಅವಳು ಕಿರುಚಿದ್ದು ಇವತ್ತಿಗೂ ನನಗೆ ಕೇಳಿಸುತ್ತದೆ.

ದೊಡ್ಡವ್ವ ಒಲೆಯ ಪಕ್ಕದಲ್ಲಿ, ಸೌದೆಯ ರಾಶಿಗೆ ತಲೆಯಿಟ್ಟು ಬಿದ್ದಿದ್ದಳು. ಸೆರಗಿನ ತುದಿ ಒಲೆಯ ಬಾಯಿಗೆ ಒಂದು ಗೇಣು ದೂರದಲ್ಲಿತ್ತು. ಉಸಿರು ಬುಸುಬುಸು ಅನ್ನುತ್ತಿತ್ತು. ತುಟಿಯ ಬಣ್ಣವೇ ಬೇರೆಯಾಗಿತ್ತು. ಹೊಸದುರ್ಗದ ಮೈನೋವಿನ ದೊಡ್ಡಪ್ಪ ಎದ್ದ ರಭಸಕ್ಕೆ ಎರಡು ಕಂಬಳಿಯೂ ಬಾಗಿಲಿಗೆ ಹೋಗಿ ಬಿದ್ದವು. ಅವಳನ್ನು ಮಗುವನ್ನು ಎತ್ತಿಕೊಂಡ ಹಾಗೆ ಎತ್ತಿಕೊಂಡರು. "ಗಂಗೂ, ಏ ಗಂಗೂ" ಅಂದರು. ಅವರ ಬಾಯಲ್ಲಿ ಅವಳಿಗೆ ಒಂದು ಹೆಸರಿದೆ ಅಂತ ನನಗೆ ಗೊತ್ತಾದದ್ದೇ ಅವತ್ತು. ನಾನು ಮೂಲೆಯಲ್ಲಿ ನಿಂತುಬಿಟ್ಟಿದ್ದೆ. ಅವಳು ಸತ್ತುಹೋದಳು ಅಂತಲೇ ತಿಳಿದಿದ್ದೆ.

ಹಾಲಮ್ಮನ ಮನೆಯ ಗಾಡಿಯಲ್ಲೇ ಆಸ್ಪತ್ರೆಗೆ ಹೋದೆವು. ಡಾಕ್ಟರು ಎಳೆ ವಯಸ್ಸಿನವರು. ಎದೆಗೆ ಕೊಳವೆ ಇಟ್ಟು ಬಹಳ ಹೊತ್ತು ಕೇಳಿದರು. ಸೂಜಿ ಹಾಕಿದರು. ಎದೆಯಲ್ಲಿ ಕಫ ಕಟ್ಟಿದೆ, ಇಲ್ಲೇ ಇರಲಿ, ಈಗಲೇ ಏನೂ ಹೇಳಲಾರೆ ಅಂದರು. "ಯಾವಾಗಿಂದ ಹಿಂಗೈತೆ?" ಅಂತ ಕೇಳಿದರು.

"ಇವತ್ತಿಂದ ಸ್ವಾಮಿ. ಬೆಳಿಗ್ಗೆ ಚೆನ್ನಾಗೇ ಇದ್ಲು" ಅಂದರು ದೊಡ್ಡಪ್ಪ.

ಸಂಜೆಗೆ ದೊಡ್ಡವ್ವ ಕಣ್ಣು ಬಿಟ್ಟಳು. ಡಾಕ್ಟರು ಮತ್ತೆ ಅವಳನ್ನೇ ಕೇಳಿದರು. ಅವಳು ತಡೆದು ತಡೆದು ಉಸಿರು ತೆಗೆದುಕೊಳ್ಳುತ್ತಾ, "ನಮ್ಮ ಬಸಣ್ಣ ದುರ್ಗದಿಂದ ಬಂದ್ನಲ್ರಿ, ಅದಕ್ಕೂ ಮುಂಚೆ. ಮೈ ಕಾಯ್ತಿತ್ತು. ಕೂತ್ರೆ ಏಳಾಕಾಗ್ತಿರ್ಲಿಲ್ಲ" ಅಂದಳು.

ಡಾಕ್ಟರು ದೊಡ್ಡಪ್ಪನ ಕಡೆ ತಿರುಗಿದರು. "ಹಂಗಾದ್ರೆ ಮೊದ್ಲು ಬಂದಿದ್ದು ಇವರಿಗೇ. ಆಮೇಲೆ ನಿಮಗೆಲ್ಲ. ಎಲ್ಲ ಒಂದೇ ಜ್ವರ ಕಣ್ರಿ. ಒಬ್ಬರಿಗೆ ಗಂಟಲು ಹಿಡೀತೈತೆ, ಒಬ್ಬರಿಗೆ ಮೂಗು, ಒಬ್ಬರಿಗೆ ಮೈಕೈ. ಕೆಲವರಿಗೆ ಇದ್ಯಾವುದೂ ಕಾಣಲ್ಲ. ಸುಸ್ತು, ಊಟ ಸೇರಲ್ಲ, ಮಾತು ತಪ್ಪುತ್ತೆ. ಅಂಥೋರನ್ನೇ ಹುಷಾರಾಗಿ ನೋಡ್ಕಬೇಕು."

ದೊಡ್ಡಪ್ಪ ಕೇಳುತ್ತಾ ನಿಂತಿದ್ದರು. ದುರ್ಗದ ಕೆಮ್ಮು, ಹಿರಿಯೂರಿನ ಮೂಗು, ಹೊಸದುರ್ಗದ ಮೂಳೆ ಎಲ್ಲವೂ ಅವರದೇ ಅಡುಗೆಮನೆಯಿಂದ, ಅವರದೇ ಹೆಂಡತಿ ಬಡಿಸಿದ ತಟ್ಟೆಯಿಂದ ಎದ್ದು ಬಂದಿದ್ದವು. ಇನ್ನೊಂದು ದಿನವಾಗಿದ್ದರೆ ಅವರು ಡಾಕ್ಟರ ಜೊತೆ ವಾದಕ್ಕೆ ನಿಲ್ಲುತ್ತಿದ್ದರು. ಅವತ್ತು ಹೆಗಲ ಮೇಲಿನ ಟವೆಲಿನಿಂದ ಮುಖ ಒರೆಸಿಕೊಂಡರು, ಅಷ್ಟೆ.

ಅವಳು ಆಸ್ಪತ್ರೆಯಲ್ಲಿದ್ದಷ್ಟು ದಿನವೂ ಅವರು ವ್ಯಾಪಾರಕ್ಕೆ ಹೋಗಲಿಲ್ಲ. ಬಾಗಿಲ ಹೊರಗಿನ ಬೆಂಚೇ ಜಗಲಿಯಾಯಿತು. ಊರವರಿಗೆ ಇವರ ಶಾಸ್ತ್ರ ಗೊತ್ತಿದ್ದದ್ದೇ, ಬಂದವರೆಲ್ಲ ಸಮಾಧಾನ ಹೇಳಿ, ಹೋಗುವಾಗ ಒಂದು ಚುಚ್ಚು ಮಾತು ಆಡದೆ ಬಿಡುತ್ತಾರೆಯೇ? "ಏನಣ್ಣ, ಇದು ಯಾವೂರ ನೆಗಡಿ? ನೀನೇ ಹೇಳ್ಬೇಕು ನೋಡು" ಅಂದ ಕೊಬ್ಬರಿ ಮಂಡಿಯವನೊಬ್ಬ.

ದೊಡ್ಡಪ್ಪ ತಲೆ ಎತ್ತಲಿಲ್ಲ. "ನಮ್ಮನೇದೇ ಕಣಪ್ಪ" ಅಂದರು.

ಒಂದು ಮಧ್ಯಾಹ್ನ ನಾನು ಗಂಜಿ ತೆಗೆದುಕೊಂಡು ಹೋದಾಗ ದೊಡ್ಡವ್ವ ದಿಂಬಿಗೆ ಒರಗಿ ಕೂತಿದ್ದಳು. ಉಸಿರು ಸಲೀಸಾಗಿತ್ತು. ದೊಡ್ಡಪ್ಪ ಸ್ಟೂಲಿನ ಮೇಲೆ, ಶಾಲೆಗೆ ತಡವಾಗಿ ಬಂದ ಹುಡುಗನ ಹಾಗೆ. ತಾವೇ ಗಂಜಿ ಆರಿಸಿ ಚಮಚ ಹಿಡಿದರು. ಅಭ್ಯಾಸವಿಲ್ಲದ ಕೈ, ಅರ್ಧ ಅವಳ ಸೀರೆಯ ಮೇಲೇ ಬಿತ್ತು. "ಅಲ್ವೇ, ಅಷ್ಟು ದಿನ ಜ್ವರ ಇಟ್ಕಂಡು ಓಡಾಡಿದ್ದೀಯ. ಒಂದು ಮಾತು ಹೇಳಬಾರ್ದಿತ್ತಾ?" ಅಂದರು.

ಅವಳಿಗೆ ಸಿಟ್ಟಿರಲಿಲ್ಲ. ನಿಜವಾಗಿ ಗೊತ್ತಿಲ್ಲದವಳ ಹಾಗೆ ಅವರ ಮುಖ ನೋಡಿದಳು.

"ನನಗೂ ಜ್ವರ ಅಂತಾನೇ ಅನ್ನಿಸ್ತು ಕಣ್ರಿ. ಆಮೇಲೆ ನೀವು ಹೇಳಿದ್ದೇ ಸರಿ ಇರಬೇಕು ಅನ್ಕಂಡೆ. ನನಗೆ ಎಲ್ಲಿಂದ ಬರ್ತೈತೆ? ನಾನೆಲ್ಲಿಗೆ ಹೋಗಿದ್ದೆ?"

ದೊಡ್ಡಪ್ಪ ಚಮಚ ಬಟ್ಟಲಿಗೆ ಹಾಕಿ, ಟವೆಲು ಮುಖಕ್ಕೆ ಹಿಡಿದು ಅತ್ತರು. ಮೀಸೆಯ ಗಂಡಸು ಹಾಗೆ ಅಳುವುದನ್ನು ನಾನು ಅದೇ ಮೊದಲು ನೋಡಿದ್ದು. ದೊಡ್ಡವ್ವ ಗಾಬರಿಯಾಗಿ, "ಏ, ಹುಡುಗಿ ನೋಡ್ತಾಳೆ, ಸುಮ್ಕಿರ್ರಿ. ಮತ್ತೆ ಮೂಗು ಸುರೀತೈತೆ ನಿಮಗೆ" ಅಂದಳು. ಅತ್ತದ್ದಕ್ಕೂ ನಕ್ಕದ್ದಕ್ಕೂ ಒಟ್ಟಿಗೆ ನನಗೂ ಮೂಗು ಸುರಿಯಿತು. ಅದು ಯಾವ ಊರಿನದೋ, ಯಾರೂ ಹೇಳಲಿಲ್ಲ.

ಅವಳು ಉಳಿದಳು. ನಮ್ಮ ಪುಣ್ಯ. ಆಮೇಲೆಯೂ ಬಹಳ ವರ್ಷ ಬಾಳಿದಳು. ದೊಡ್ಡಪ್ಪನ ನೆಗಡಿ ಶಾಸ್ತ್ರ ಅಲ್ಲಿಗೆ ಮುಗಿಯಿತು. ಅದರ ಬದಲು ಇನ್ನೊಂದು ಪೀಡೆ ಶುರುವಾಯಿತು. ಬೆಳಿಗ್ಗೆ ಲಿಂಗಪೂಜೆ ಮುಗಿಸಿ ವಿಭೂತಿಯ ಕೈಯಲ್ಲೇ ಅಡುಗೆಮನೆಗೆ ಹೋಗಿ ದೊಡ್ಡವ್ವನ ಹಣೆ ಮುಟ್ಟಿ ನೋಡುವುದು. "ಹೆಂಗೈತೆ ಮೈ?" "ಚೆನ್ನಾಗೈತೆ, ಹೋಗ್ರಿ ಆಚೆ." "ದಿಟ ಹೇಳು." "ದಿಟ ಕಣ್ರಿ, ನಿಮ್ಮ ದಮ್ಮಯ್ಯ, ಹಾಲು ಉಕ್ತೈತೆ." ಹಾಲು ಎಷ್ಟು ಸಲ ಉಕ್ಕಿಸಿದರೋ ಲೆಕ್ಕವಿಲ್ಲ. ದೊಡ್ಡವ್ವ ಅದಕ್ಕೆ ಬೈಯುತ್ತಲೇ ಇದ್ದಳು. ಆದರೆ ಅವರು ಬರುವ ಹೊತ್ತಿಗೆ ಹಣೆಯ ಮೇಲಿನ ಬೆವರು ಒರೆಸಿಕೊಂಡು ಸಿದ್ಧವಾಗಿರುತ್ತಿದ್ದಳು ಅನ್ನುವುದನ್ನು ನಾನು ಕಂಡಿದ್ದೇನೆ.

ಇದನ್ನು ಬರೆಯುತ್ತಾ ಬರೆಯುತ್ತಾ ನನಗೊಂದು ವಿಷಯ ಗೊತ್ತಾಯಿತು. ನಿನ್ನೆಯಿಂದ ನನ್ನ ಸೊಂಟ ಹಿಡಿದಿದೆ. ಕೂತು ಬರೆದದ್ದಕ್ಕೆ ಅಂದುಕೊಂಡಿದ್ದೆ. ಬೆಳಿಗ್ಗೆ ಕಾಫಿ ಸೇರಲಿಲ್ಲ. ಸೊಸೆಯ ಡಿಕಾಕ್ಷನ್ನು ಕೆಟ್ಟಿದೆ ಅಂತ ಮನಸ್ಸಿನಲ್ಲೇ ಬೈದುಕೊಂಡೆ. ಮೈ ಬೆಚ್ಚಗಿದೆ, ಕಿಟಕಿಯ ಬಿಸಿಲಿಗೆ ಇರಬಹುದು. ಈಗ ಸೊಸೆಯೂ ಸೇರಿ ಮನೆಯಲ್ಲಿ ಮೂರು ಜನ ಮಲಗಿದ್ದಾರೆ, ನಾನೂ ಮಲಗಿದರೆ ಹೇಗೆ? ಅಲ್ಲದೆ ನಾನು ಎಲ್ಲಿಗೂ ಹೋಗಿಲ್ಲವಲ್ಲ, ವಾರದಿಂದ ಹೊಸಿಲು ದಾಟಿಲ್ಲ.

ಅಷ್ಟು ಬರೆದವಳು ಪೆನ್ನು ಕೆಳಗಿಟ್ಟೆ. ನನ್ನ ಕೈಯಿಂದ ನನ್ನ ಹಣೆ ಮುಟ್ಟಿಕೊಂಡರೆ ಏನೂ ತಿಳಿಯುವುದಿಲ್ಲ, ಎರಡೂ ಒಂದೇ ಬಿಸಿ. ಒಳಗೆ ಮಗ ಕೆಮ್ಮುತ್ತಿದ್ದ.

"ಲೋ, ಎದ್ದು ಬಾರೋ ಇಲ್ಲಿ."

"ಏನಮ್ಮಾ, ಕಷಾಯ ಆಯ್ತಾ?"

"ಇಲ್ಲ. ನನಗೆ ಹುಷಾರಿಲ್ಲ. ನಿನ್ನೆಯಿಂದಲೇ ಇಲ್ಲ. ಅನ್ನಕ್ಕೂ ಇಟ್ಟಿಲ್ಲ, ನೀವೇ ಯಾರಾದ್ರೂ ಇಟ್ಕಳ್ರಿ" ಅಂದೆ. ಅಂದು, ಚಾಪೆ ಬಿಡಿಸಿ ಮಲಗಿಕೊಂಡೆ.